ನಾಮಿನಿ ಹಾಕಿದ್ದೀನಲ್ಲ, ಮತ್ತೆ ವಿಲ್ ಯಾಕೆ?

ಬ್ಯಾಂಕ್ ಕೆಲಸದಿಂದ ನಿವೃತ್ತಿಯಾಗಿ ನಾಲ್ಕು ವರ್ಷವಾಯಿತು. ಈಗಲೂ ಬೆಳಗಿನ ವಾಕಿಂಗ್‌ನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಯಾರಾದರೊಬ್ಬರು ಪಕ್ಕಕ್ಕೆ ಬಂದು ಮೆಲ್ಲಗೆ ಇದನ್ನೇ ಕೇಳುತ್ತಾರೆ. "ಮೇಡಂ, ಎಲ್ಲದಕ್ಕೂ ನಾಮಿನಿ ಹಾಕಿದ್ದೀನಿ. ಮತ್ತೆ ವಿಲ್ ಯಾಕೆ ಬೇಕು? ವಿಲ್ ಬರೆದರೆ ಮಕ್ಕಳು ಕೋರ್ಟಿಗೆ ಹೋಗಿ ಪ್ರೊಬೇಟ್ ಮಾಡಿಸಬೇಕಂತೆ, ಅಲ್ವಾ?"

ಇಲ್ಲಿ ಎರಡು ಪ್ರಶ್ನೆ ಇವೆ. ಎರಡನೆಯದು ಸುಲಭ, ಅದನ್ನು ಮೊದಲು ಮುಗಿಸುತ್ತೇನೆ. ಹಿಂದೂ ಕುಟುಂಬಗಳ ವಿಷಯವನ್ನಷ್ಟೇ ಹೇಳುತ್ತಿದ್ದೇನೆ. ಮುಸ್ಲಿಮರಿಗೆ ಬೇರೆ ನಿಯಮಗಳಿವೆ.

ಪ್ರೊಬೇಟ್ ಅಂದರೆ, "ಈ ವಿಲ್ ಅಸಲಿ" ಎಂದು ಕೋರ್ಟ್ ಮೊಹರು ಹಾಕಿ ಕೊಡುವ ಪ್ರತಿ. ನಮ್ಮ ಕರ್ನಾಟಕದಲ್ಲಿ ಬರೆದ, ಇಲ್ಲಿನ ಆಸ್ತಿಗೆ ಸಂಬಂಧಿಸಿದ ವಿಲ್ಲಿಗೆ ಇದು ಯಾವತ್ತೂ ಕಡ್ಡಾಯ ಇರಲಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೇ ಸೆಕ್ಷನ್ ಅದನ್ನು ಕಡ್ಡಾಯ ಮಾಡಿದ್ದು ಹಳೆಯ ಬಂಗಾಳ ಪ್ರಾಂತ್ಯಕ್ಕೆ, ಮದ್ರಾಸ್ ಮತ್ತು ಬಾಂಬೆ ನಗರಗಳಿಗೆ. ಮುಂಬೈಯಲ್ಲಿರುವ ಅಣ್ಣನ ಮನೆಯಲ್ಲಿ ನಡೆದ ಕಥೆ ಮೈಸೂರಿಗೆ ಬರುವಷ್ಟರಲ್ಲಿ ಎಲ್ಲರ ಕಥೆಯಾಗಿಬಿಟ್ಟಿದೆ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಆ ಸೆಕ್ಷನ್ನನ್ನೇ ತೆಗೆದುಹಾಕಿತು. ಹಾಗಾಗಿ ಪ್ರೊಬೇಟ್ ಹೆದರಿಕೆಗೆ ವಿಲ್ ಬರೆಯದೆ ಇರಬೇಡಿ. ಮನೆಯವರ ನಡುವೆ ತಕರಾರು ಬಂದರೆ ಕೋರ್ಟ್ ಹೇಗೂ ತಪ್ಪುವುದಿಲ್ಲ. ಆ ತಕರಾರಿಗೆ ಜಾಗ ಕೊಡದಂತೆ ಕಾಗದ ಬಿಟ್ಟುಹೋಗುವುದೇ ನಮ್ಮ ಕೈಯಲ್ಲಿರುವ ಕೆಲಸ.

ಇನ್ನು ನಾಮಿನಿ.

ನನ್ನ ಕೊನೆಯ ವರ್ಷಗಳಲ್ಲಿ ತೀರಿಹೋದ ಗ್ರಾಹಕರ ಕ್ಲೇಮುಗಳು ನನ್ನ ಮೇಜಿಗೇ ಬರುತ್ತಿದ್ದವು. ಒಂದು ದಿನ ಅತ್ತೆ ಸೊಸೆ ಇಬ್ಬರೂ ಬಂದರು. ಸೊಸೆಗೆ ಇಪ್ಪತ್ತೇಳೋ ಇಪ್ಪತ್ತೆಂಟೋ ಇರಬೇಕು, ಮಡಿಲಲ್ಲಿ ಕೂಸು. ಗಂಡ ಅಪಘಾತದಲ್ಲಿ ಹೋಗಿದ್ದ. ಅವನು ಕೆಲಸಕ್ಕೆ ಸೇರಿದಾಗ ಖಾತೆ ತೆರೆದಿದ್ದ, ಠೇವಣಿ ಇಟ್ಟಿದ್ದ. ಆಗ ಮದುವೆಯಾಗಿರಲಿಲ್ಲ. ನಾಮಿನಿ ಅಂತ ಅಮ್ಮನ ಹೆಸರು ಬರೆದಿದ್ದ. ಆಮೇಲೆ ಅದನ್ನು ಬದಲಿಸುವುದು ಅವನಿಗೆ ನೆನಪಾಗಿಲ್ಲ. ಯಾರಿಗೆ ತಾನೇ ನೆನಪಾಗುತ್ತದೆ?

ಫಾರಂ ಅತ್ತೆಯ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಮೇಲಿಂದ ಕೆಳಗೆ ಬೆರಳಿಟ್ಟು ನೋಡಿದರು. ತಿರುಗಿಸಿ ಹಿಂದಿನ ಪುಟವನ್ನೂ ನೋಡಿದರು. ಆಮೇಲೆ ಕೇಳಿದರು, "ಇದರಲ್ಲಿ ಇವಳ ಹೆಸರು ಎಲ್ಲಿ ಬರೀಬೇಕವ್ವಾ?" ಆ ಫಾರಂನಲ್ಲಿ ಅಂಥ ಜಾಗ ಇರಲಿಲ್ಲ. ದುಡ್ಡು ಅವರ ಖಾತೆಗೇ ಹೋಗಬೇಕಿತ್ತು.

ಆದರೆ ಆ ದುಡ್ಡು ಪೂರ್ತಿ ಅವರದಲ್ಲ. ಬ್ಯಾಂಕು ಯಾರ ಕೈಗೆ ಕೊಟ್ಟು ತನ್ನ ಜವಾಬ್ದಾರಿ ಕಳೆದುಕೊಳ್ಳಬೇಕು ಎನ್ನುವುದನ್ನಷ್ಟೇ ನಾಮಿನೇಷನ್ ಹೇಳುತ್ತದೆ. ದುಡ್ಡು ಯಾರದು ಎನ್ನುವುದನ್ನು ವಿಲ್ ಹೇಳುತ್ತದೆ. ವಿಲ್ ಇಲ್ಲದಿದ್ದರೆ ಕಾನೂನು ಹೇಳುತ್ತದೆ. 1984ರಲ್ಲೇ ಸುಪ್ರೀಂ ಕೋರ್ಟ್ ಒಂದು ಜೀವವಿಮೆ ಕೇಸಿನಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿತು. 2023ರ ಡಿಸೆಂಬರ್‌ನಲ್ಲಿ ಷೇರುಗಳ ವಿಷಯದಲ್ಲೂ ಅದೇ ಮಾತು ಹೇಳಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ವಿಲ್ ಬರೆಯದೆ ತೀರಿಹೋದ ಗಂಡಸಿನ ಆಸ್ತಿಯಲ್ಲಿ ಹೆಂಡತಿ, ಮಕ್ಕಳು, ತಾಯಿ ಎಲ್ಲರಿಗೂ ಸಮಪಾಲು. ತಂದೆಗೆ ಆ ಮೊದಲ ಸಾಲಿನಲ್ಲಿ ಜಾಗವಿಲ್ಲ. "ನಾನು ಹೋದಮೇಲೆ ಎಲ್ಲಾ ಹೆಂಡತಿಗೆ ತಾನೇ?" ಎಂದು ಕೇಳುವವರು ಬಹಳ ಜನ. ಅಲ್ಲ. ಹಾಗೆ ಆಗಬೇಕಾದರೆ ಬರೆದಿಡಬೇಕು.

ಆ ಅತ್ತೆ ಒಳ್ಳೆಯವರು. ದುಡ್ಡು ಬಂದ ವಾರದಲ್ಲೇ ಸೊಸೆಯನ್ನು ಕರೆದುಕೊಂಡು ಬಂದು ಅವಳ ಹೆಸರಿನಲ್ಲೂ ಮಗುವಿನ ಹೆಸರಿನಲ್ಲೂ ಠೇವಣಿ ಮಾಡಿಸಿದರು. ಎಲ್ಲ ಮನೆಯಲ್ಲೂ ಹೀಗಾಗುವುದಿಲ್ಲ. ಹಾಗೆ ಆಗದ ಮನೆಗಳನ್ನೂ ಅದೇ ಮೇಜಿನ ಮುಂದೆ ನೋಡಿದ್ದೇನೆ.

ಹಾಗಂತ ನಾಮಿನಿ ಹಾಕುವುದು ಬೇಡ ಎನ್ನುತ್ತಿಲ್ಲ. ಖಂಡಿತ ಹಾಕಿ. 2025ರ ನವೆಂಬರ್ 1ರಿಂದ ಠೇವಣಿಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು, ಯಾರಿಗೆ ಶೇಕಡಾ ಎಷ್ಟು ಎಂದೂ ಬರೆಯಬಹುದು. ನಾಮಿನಿಯೇ ಇಲ್ಲದಿದ್ದರೂ, ತಕರಾರಿಲ್ಲದ ಮನೆಗಳಿಗೆ ರಿಸರ್ವ್ ಬ್ಯಾಂಕ್ ಈಗ ದಾರಿ ಸುಲಭ ಮಾಡಿದೆ. 15 ಲಕ್ಷದವರೆಗಿನ ಹಣಕ್ಕೆ, ಸಹಕಾರಿ ಬ್ಯಾಂಕಾದರೆ 5 ಲಕ್ಷದವರೆಗೆ, ಉತ್ತರಾಧಿಕಾರ ಪ್ರಮಾಣಪತ್ರ ತನ್ನಿ ಎಂದು ಕೋರ್ಟಿಗೆ ಕಳಿಸುವಂತಿಲ್ಲ. ನಾಮಿನಿ ಹೆಸರೂ ವಿಲ್ಲಿನಲ್ಲಿರುವ ಹೆಸರೂ ಒಂದೇ ಆಗಿದ್ದರೆ ಎಷ್ಟೋ ಜಗಳ ಹುಟ್ಟುವುದೇ ಇಲ್ಲ. ಮದುವೆ ಆದಾಗ, ಮಗು ಆದಾಗ, ಮನೆಯಲ್ಲಿ ಯಾರಾದರೂ ಹೋದಾಗ ಪಾಸ್‌ಬುಕ್ ತೆಗೆದು ಒಮ್ಮೆ ನೋಡಿ.

ಈಗ ವಿಲ್ ಬರೆಯುವ ವಿಷಯ. ಇಲ್ಲಿ ನಮ್ಮ ಮನೆಯದೇ ಒಂದು ಘಟನೆ ಹೇಳಬೇಕು.

ಅಪ್ಪ ಮೇಷ್ಟ್ರು. ವಿಲ್ ಬರೆದಿಟ್ಟಿದ್ದರು. ಎರಡು ಪುಟ, ದುಂಡಾದ ಅಕ್ಷರ, ಒಂದು ಕಾಟು ಇಲ್ಲ. ಕೆಳಗೆ ಇಬ್ಬರು ಸಾಕ್ಷಿಗಳ ಸಹಿ. ಕಾನೂನು ಕೇಳುವುದೂ ಅಷ್ಟೇ, ಬರೆದವರ ಸಹಿ, ಕಡೇಪಕ್ಷ ಇಬ್ಬರು ಸಾಕ್ಷಿ. ಆದರೆ ಆ ಇಬ್ಬರೂ ಅಪ್ಪನ ಜೊತೆ ಪಾಠ ಮಾಡಿದವರು, ಅಪ್ಪನದೇ ವಯಸ್ಸು. ಅಪ್ಪ 86ಕ್ಕೆ ಹೋದರು. ಅಷ್ಟರಲ್ಲಿ ಸಾಕ್ಷಿಗಳಿಬ್ಬರೂ ಹೋಗಿ ವರ್ಷಗಳಾಗಿದ್ದವು. ವಿಲ್ಲನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕಾದರೆ ಸಹಿ ಹಾಕಿದ ಸಾಕ್ಷಿಗಳಲ್ಲಿ ಒಬ್ಬರಾದರೂ ಬಂದು ಹೇಳಬೇಕು. ಯಾರೂ ಬದುಕಿಲ್ಲದಿದ್ದರೆ ಅವರ ಕೈಬರಹ ಗುರುತಿಸುವವರನ್ನು ಹುಡುಕಬೇಕು. ವಕೀಲರು ಇದನ್ನು ಹೇಳಿದಾಗ ನಾವು ಮೂವರೂ ಮುಖ ಮುಖ ನೋಡಿಕೊಂಡೆವು.

ನಮ್ಮಲ್ಲಿ ಮನಸ್ತಾಪ ಇರಲಿಲ್ಲ. ಮನೆ ಅಮ್ಮನಿಗೆ ಎಂದು ಅಪ್ಪ ಬರೆದಿದ್ದರು, ನಾವು ಮಕ್ಕಳೆಲ್ಲ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟೆವು. ಅದಕ್ಕೂ ತಮ್ಮ ನ್ಯೂಜೆರ್ಸಿಯಲ್ಲಿದ್ದ. ರಜೆ ಸಿಗಲಿಲ್ಲ. ಅಲ್ಲಿಂದ ಪವರ್ ಆಫ್ ಅಟಾರ್ನಿ ಕಳಿಸಿದ, ಇಲ್ಲಿ ಅದಕ್ಕೆ ಮತ್ತೆ ಸ್ಟಾಂಪು ಹಾಕಿಸಬೇಕಾಯಿತು. ತಿಂಗಳುಗಟ್ಟಲೆ ಓಡಾಟ. ಮನೆಯ ಖಾತೆ ಅಮ್ಮನ ಹೆಸರಿಗೆ ಬರುವವರೆಗೆ ಅವರು ದಿನಾ ಕೇಳುತ್ತಿದ್ದರು, "ಮೇಷ್ಟ್ರು ಎಲ್ಲಾ ಸರಿಯಾಗಿ ಬರೆದಿದ್ರಲ್ಲ, ಮತ್ತೇನು ತೊಂದರೆ?"

ಅದಕ್ಕೇ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದು: ಸಾಕ್ಷಿಗಳು ನಿಮಗಿಂತ ಚಿಕ್ಕವರಿರಲಿ, ಊರಲ್ಲೇ ಸಿಗುವವರಿರಲಿ. ವಿಲ್ಲಿನಿಂದ ಅವರಿಗೆ ಏನೂ ಬರುವಂತಿರಬಾರದು. ವಯಸ್ಸಾಗಿದ್ದರೆ, ಅದೇ ದಿನ ಡಾಕ್ಟರ ಹತ್ತಿರ ಬುದ್ಧಿ ಸ್ಥಿಮಿತದಲ್ಲಿದೆ ಎಂದು ಒಂದು ಸರ್ಟಿಫಿಕೇಟ್ ಮಾಡಿಸಿ. ಪ್ರತಿ ಪುಟಕ್ಕೂ ಸಹಿ ಹಾಕಿ. ವಿಲ್ಲನ್ನು ನೋಂದಾಯಿಸಲೇಬೇಕು ಎಂದಿಲ್ಲ, ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ, ಸ್ಟಾಂಪ್ ಪೇಪರ್ ಬೇಕಿಲ್ಲ. ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ನೋಂದಾಯಿಸಿ ಎನ್ನುವುದೇ ನನ್ನ ಅಭಿಪ್ರಾಯ. ಮುಂದೆ ಯಾರಾದರೂ "ಇದು ಅಪ್ಪನ ಸಹಿ ಅಲ್ಲ" ಎಂದರೆ ಆ ದಾಖಲೆ ಬಹಳ ಸಹಾಯಕ್ಕೆ ಬರುತ್ತದೆ. ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು, ಕೊನೆಯದೇ ಲೆಕ್ಕಕ್ಕೆ.

"ವಿಲ್ಲೇ ಬೇಡ, ಈಗಲೇ ಮಗನಿಗೆ ದಾನಪತ್ರ ಮಾಡಿಬಿಡ್ತೀನಿ" ಎನ್ನುವವರೂ ಇದ್ದಾರೆ. ಹತ್ತಿರದ ಸಂಬಂಧಿಕರಿಗೆ ಮಾಡಿದರೆ ಮುದ್ರಾಂಕ ಶುಲ್ಕ ಕಡಿಮೆ, ಕೋರ್ಟು ಕಚೇರಿ ಗೋಜಿಲ್ಲ, ನಿಜ. ಆದರೆ ಇರುವುದು ಒಂದೇ ಮನೆ ಆಗಿದ್ದರೆ ದಯವಿಟ್ಟು ಮಾಡಬೇಡಿ. ವಿಲ್ ಹರಿದು ಇನ್ನೊಂದು ಬರೆಯಬಹುದು, ದಾನಪತ್ರ ಹಾಗಲ್ಲ. ಮಾಡಲೇಬೇಕಾದರೆ, ಬದುಕಿರುವವರೆಗೆ ಆ ಮನೆಯಲ್ಲಿರುವ ಹಕ್ಕು ನಿಮ್ಮದೇ ಎಂದೂ, ಮಗ ನಿಮ್ಮನ್ನು ನೋಡಿಕೊಳ್ಳಬೇಕು ಎಂದೂ ಪತ್ರದಲ್ಲೇ ಬರೆಸಿ. ನೋಡಿಕೊಳ್ಳದಿದ್ದರೆ ದಾನಪತ್ರ ರದ್ದು ಮಾಡಿ ಎಂದು ಕೇಳಲು ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಷರತ್ತು ಬರವಣಿಗೆಯಲ್ಲಿದ್ದರೆ ಆ ಹಾದಿ ಗಟ್ಟಿ. "ನನ್ನ ಹತ್ರ ಅಪ್ಪನ ಜಿಪಿಎ ಇದೆ, ಸಾಕು" ಎಂಬ ಇನ್ನೊಂದು ನಂಬಿಕೆ ಇದೆ. ಜಿಪಿಎ ಅಂದರೆ ಜನರಲ್ ಪವರ್ ಆಫ್ ಅಟಾರ್ನಿ, ನಮ್ಮ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಕೊಡುವ ಅಧಿಕಾರಪತ್ರ. ಅದನ್ನು ಕೊಟ್ಟವರು ತೀರಿಹೋದ ಕ್ಷಣಕ್ಕೆ ಅದರ ಆಯಸ್ಸೂ ಮುಗಿಯುತ್ತದೆ. ಅಪ್ಪನ ಎಟಿಎಂ ಕಾರ್ಡು ಉಜ್ಜಿ ದುಡ್ಡು ತೆಗೆಯುವುದೂ ತಪ್ಪು. ಎಷ್ಟೋ ಕುಟುಂಬಗಳ ಜಗಳ ಶುರುವಾಗಿದ್ದೇ ಆ ಹತ್ತು ಸಾವಿರದಿಂದ.

ಊರಲ್ಲಿ ಜಮೀನಿದ್ದರೆ ಕೆಲಸ ಇನ್ನೂ ಹಿಂದಿನಿಂದ ಶುರುವಾಗುತ್ತದೆ. ಪಹಣಿ ತೆಗೆಸಿ ನೋಡಿ. ಎಷ್ಟೋ ಮನೆಗಳಲ್ಲಿ ಈಗಲೂ ತಾತನ ಹೆಸರೇ ಇರುತ್ತದೆ. ಉಳುತ್ತಿರುವುದು ಮೊಮ್ಮಗ. ಮಧ್ಯದಲ್ಲಿ ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿಯೇ ಇಲ್ಲ. ಆ ತಾತನ ವಂಶವೃಕ್ಷ ಮಾಡಿಸಲು ಹೋದರೆ ಮದುವೆಯಾಗಿ ಹೋದ ಅತ್ತೆಯರು, ಅವರ ಮಕ್ಕಳು, ಬೆಂಗಳೂರು ಪುಣೆ ಸೇರಿದವರು ಎಲ್ಲರೂ ಬರುತ್ತಾರೆ. ನೀವು "ಈ ಎರಡು ಎಕರೆ ಮಗಳಿಗೆ" ಎಂದು ಎಷ್ಟು ಚೆನ್ನಾಗಿ ವಿಲ್ ಬರೆದರೂ, ನಿಮ್ಮ ಹೆಸರಿಗೇ ಬರದ ಜಮೀನು ಮಗಳಿಗೆ ಹೇಗೆ ಹೋಗುತ್ತದೆ? ಪಿತ್ರಾರ್ಜಿತವಾದರೆ ನಿಮ್ಮ ಪಾಲಿಗಷ್ಟೇ ವಿಲ್ ಬರೆಯಬಹುದು. ಅದರಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು. 2005ರಲ್ಲಿ ದೇಶಕ್ಕೆಲ್ಲ ಬಂದ ಈ ಕಾನೂನು, ಆಗ ಮದುವೆಯಾಗಿರದ ಹೆಣ್ಣುಮಕ್ಕಳ ಮಟ್ಟಿಗೆ ಕರ್ನಾಟಕದಲ್ಲಿ 1994ರಲ್ಲೇ ಬಂದಿತ್ತು. ತಂಗಿಗೆ ಹೇಳದೆ ಪಾಲು ಮಾಡಿಕೊಂಡ ಅಣ್ಣಂದಿರ ಕಾಗದ ನಿಲ್ಲುವುದು ಕಷ್ಟ. ಹಿರಿಯರು ಬದುಕಿರುವಾಗಲೇ ಎಲ್ಲರನ್ನೂ ಕೂರಿಸಿ, ಸರ್ವೆ ನಂಬರು, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಸಮೇತ ವಿಭಾಗ ಪತ್ರ ಮಾಡಿ, ನೋಂದಾಯಿಸಿ, ಪಹಣಿಯಲ್ಲಿ ಹೆಸರು ಬರುವವರೆಗೆ ಬೆನ್ನುಬಿಡಬೇಡಿ.

ನನ್ನ ವಿಲ್ ಬೀರುವಿನ ಕೆಳಗಿನ ಖಾನೆಯಲ್ಲಿ, ಹಸಿರು ಫೈಲಿನಲ್ಲಿದೆ. ಮಗಳಿಗೆ ಹೇಳಲು ಹೋದಾಗ "ಈಗ ಯಾಕಮ್ಮ ಈ ಮಾತೆಲ್ಲ" ಎಂದು ಎದ್ದುಹೋದಳು. ಮೂರನೇ ಸಲ ಕೂರಿಸಿ, ಅಜ್ಜಿ ಖಾತೆಗೆ ಎಷ್ಟು ಸಲ ಕಚೇರಿಗೆ ಅಲೆದೆವು ಎಂದು ನೆನಪಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಫೈಲು ತೆರೆದು ಸಾಕ್ಷಿಗಳ ಹೆಸರು ನೋಡಿದಳು. ಒಬ್ಬರು ಮೂಲೆ ಮೆಡಿಕಲ್ ಶಾಪಿನ ಹುಡುಗ, ಇನ್ನೊಬ್ಬಳು ನನ್ನ ಕೊನೆಯ ವರ್ಷಗಳಲ್ಲಿ ಬ್ಯಾಂಕಿಗೆ ಹೊಸದಾಗಿ ಸೇರಿದ್ದವಳು. ಇಬ್ಬರ ಫೋನ್ ನಂಬರನ್ನೂ ತನ್ನ ಮೊಬೈಲಿನಲ್ಲಿ ಸೇವ್ ಮಾಡಿಕೊಂಡಳು.