ಬೆನ್ನ ಮೇಲಿನ ನೀಲಿ ಚೌಕ

ಹೋದ ಆಗಸ್ಟಿನ ಒಂದು ಭಾನುವಾರ ನಾನು, ನನ್ನ ಗೆಳೆಯ ಹೊರಟಿದ್ದು ಶೆಟ್ಟಿಹಳ್ಳಿಯ ಮುಳುಗಿದ ಚರ್ಚ್ ನೋಡೋದಕ್ಕೆ. ಹಾಸನದಲ್ಲೇ ಹುಟ್ಟಿ ಬೆಳೆದರೂ ನಾನು ಅಲ್ಲಿಗೆ ಹೋಗಿದ್ದೆಲ್ಲ ಬೇಸಿಗೆಯಲ್ಲೇ, ನೀರಿಲ್ಲದಾಗ, ಗೋಡೆಗೆ ಒರಗಿ ಫೋಟೋ ತೆಗೆಸಿಕೊಂಡು ಬಂದವನು. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿದ ಚರ್ಚ್ ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ ಹಿನ್ನೀರು ನಿಂತ ಮೇಲೆ ಜನ ಊರು ಬಿಟ್ಟರು, ಚರ್ಚ್ ಮಾತ್ರ ಅಲ್ಲೇ ಉಳಿಯಿತು. ನಾವು ಹೋದ ದಿನ ಕೆರೆಯೋ ಸಮುದ್ರವೋ ಅನ್ನುವ ಹಾಗೆ ನೀರು, ಅದರ ಮಧ್ಯೆ ಮುರಿದ ಗೋಡೆಗಳ ಮೇಲ್ಭಾಗ. ಐದು ನಿಮಿಷ ನೋಡುವಷ್ಟರಲ್ಲಿ ಮಳೆ ಹಿಡಿಯಿತು.

ವಾಪಸ್ ಬರುವಾಗ ಮಳೆ ಎಷ್ಟು ಜಾಸ್ತಿ ಆಯಿತೆಂದರೆ ಮುಂದಿನ ರಸ್ತೆಯೇ ಕಾಣಲಿಲ್ಲ. ಒಂದು ಸಣ್ಣ ಊರಿನ ಅಂಚಿನಲ್ಲಿ ಹೆಂಚಿನ ಕಟ್ಟಡ ಕಂಡಿತು, ಬೈಕ್ ನಿಲ್ಲಿಸಿ ಅದರ ಜಗುಲಿಗೆ ಓಡಿದೆವು. ಯಾರದೋ ಮನೆ ಅಂದುಕೊಂಡಿದ್ದೆ. ತಲೆ ಎತ್ತಿ ನೋಡಿದರೆ ಬಾಗಿಲ ಮೇಲೆ ಶಿಲುಬೆ.

ಒಳಗಿದ್ದವರು ಉಪದೇಶಿ. ಫಾದರ್ ತಿಂಗಳಿಗೆ ಎರಡು ಸಲ ಬಂದು ಪೂಜೆ ಮಾಡುತ್ತಾರೆ, ಉಳಿದಂತೆ ಬೀಗದ ಕೈ ತಮ್ಮ ಹತ್ತಿರ ಇರುತ್ತದೆ ಅಂದರು. "ಒಳಗೇ ಬನ್ನಿ, ಒದ್ದೆ ಆದ್ರೆ ಏನೂ ಆಗಲ್ಲ, ಒರೆಸ್ಕೋಬಹುದು" ಅಂದರು. ಚಪ್ಪಲಿ ಬಿಟ್ಟು ಒಳಗೆ ಹೋದೆವು. ಹತ್ತು ಹನ್ನೆರಡು ಬೆಂಚು, ಕೆಂಪು ಸಾರಣೆಯ ನೆಲ, ಎರಡೂ ಗೋಡೆಗೆ ಏಳೇಳರಂತೆ ಶಿಲುಬೆ ಹಾದಿಯ, ಅಂದರೆ ಯೇಸು ಶಿಲುಬೆ ಹೊತ್ತು ನಡೆದ ಹಾದಿಯ 14 ಚಿತ್ರಗಳು. ಮುಂದಿನ ಬೆಂಚಿನಲ್ಲಿ ಒಬ್ಬ ಅಜ್ಜಿ ಜಪಸರ ಹಿಡಿದು ಕೂತಿದ್ದರು. ಹೆಂಚಿನ ಮೇಲೆ ಬೀಳುವ ಮಳೆ ಬಿಟ್ಟರೆ ಬೇರೆ ಸದ್ದಿಲ್ಲ. ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ತಣ್ಣಗೆ ಕೂರಬಹುದು ಅಂತ ನನಗೆ ಗೊತ್ತಿರಲಿಲ್ಲ. ನಾನು ನೋಡಿದ್ದ ದೊಡ್ಡ ಚಾಪೆಲ್ ಅಂದರೆ ಮಂಗಳೂರಿನ ಸಂತ ಅಲೋಶಿಯಸ್ಸಿನದು. ಇಟಲಿಯ ಮೊಸ್ಕೇನಿ ಗೋಡೆ, ಸೂರು ಒಂದನ್ನೂ ಬಿಡದೆ ಚಿತ್ರ ಬರೆದಿರುವ ಜಾಗ. ಅಲ್ಲಿ ಕತ್ತು ನೋಯುವವರೆಗೂ ಮೇಲೆ ನೋಡುತ್ತಾ ಇರಬೇಕು. ಇಲ್ಲಿ ನೋಡೋದಕ್ಕೆ ಇದ್ದದ್ದು ಒಂದೇ, ಮಾತೆ ಮರಿಯಮ್ಮನ ಎರಡೂವರೆ ಅಡಿಯ ಮರದ ಸ್ವರೂಪ, ಅಂದರೆ ಮೂರ್ತಿ.

ಅದನ್ನ ಮೊನ್ನೆ ಮೊನ್ನೆ "ರಿಪೇರಿ" ಮಾಡಿಸಿದ್ದಂತೆ. ಉಪದೇಶಿಯವರಿಗೆ ಅದನ್ನು ಹೇಳುವುದರಲ್ಲಿ ಬಹಳ ಉತ್ಸಾಹ. ಕಲಾಕೃತಿ ಸರಿಮಾಡೋದನ್ನೇ ಓದಿಕೊಂಡಿದ್ದ ಹುಡುಗಿಯೊಬ್ಬಳು ಬಂದು, ಇಲ್ಲೇ ಪಕ್ಕದ ಕೋಣೆಯಲ್ಲಿ ಎರಡು ತಿಂಗಳು ಕೂತು ಮಾಡಿದಳಂತೆ. ಮೊದಲು ಪಾದದ ಹತ್ತಿರ ಬೆರಳುಗುರಿನಷ್ಟು ಜಾಗದಲ್ಲಿ ಔಷಧಿ ಹಚ್ಚಿ, ಅಡಿಯಲ್ಲಿ ಏನಿದೆ ಅಂತ ನೋಡಿದಳು. ಮೇಲಿನ ಪೇಂಟ್ ಮೆತ್ತಗಾದ ಮೇಲೆ ಆಪರೇಷನ್ ಬ್ಲೇಡಿನಲ್ಲಿ ಸ್ವಲ್ಪ ಸ್ವಲ್ಪವೇ ಎಬ್ಬಿಸಿದಳು. ಅದೆಲ್ಲ ಸರಿ. ಊರವರು ಇವತ್ತಿಗೂ ಮಾತಾಡೋದು ಬೇರೆ ವಿಷಯ. ಕೊನೆಗೆ ಮುಖದ ಕೊಳೆಯನ್ನು ಅವಳು ಹತ್ತಿಯನ್ನು ಎಂಜಲಿನಲ್ಲಿ ಒದ್ದೆ ಮಾಡಿಕೊಂಡು ಒರೆಸಿದಳಂತೆ!

ನನ್ನ ಗೆಳೆಯ ನಕ್ಕ. ಆದರೆ ಇದು ಸುಮ್ನೆ ಕಟ್ಟಿದ ಮಾತಲ್ಲ. ಎಂಜಲಲ್ಲಿ ಗಂಜಿಯ ಅಂಶ ಕರಗಿಸುವ ಅಮೈಲೇಸ್ ಅನ್ನೋ ಕಿಣ್ವ ಇರುತ್ತದೆ, ಹಳೆ ಕೊಳೆ ಬಿಡಿಸೋಕೆ ಅದು ಒಳ್ಳೆಯದು. ಇದನ್ನೇ ಅಳೆದು ನೋಡಿದ ಪೋರ್ಚುಗಲ್‌ನವರಿಗೆ 2018ರಲ್ಲಿ ಇಗ್ ನೊಬೆಲ್ ಕೊಟ್ಟಿದ್ದಾರೆ, ಅದೇ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ. ನನಗೆ ನೆನಪಾಗಿದ್ದು ಬೇಡರ ಕಣ್ಣಪ್ಪ. ಬಾಯಲ್ಲಿ ನೀರು ತುಂಬಿಕೊಂಡು ಬಂದು ಶಿವನಿಗೆ ಅಭಿಷೇಕ ಮಾಡಿದವನಲ್ವಾ. ಹಾಗಂದಿದ್ದಕ್ಕೆ ಉಪದೇಶಿಯವರು "ಫಾದರೂ ಅದನ್ನೇ ಹೇಳಿ ಸಮಾಧಾನ ಮಾಡಿದ್ರು" ಅಂದರು.

ಹತ್ತಿರ ಹೋಗಿ ನೋಡಿದೆ. ಕಡುನೀಲಿ ಮೇಲುಹೊದಿಕೆ, ಅಂಚಿನಲ್ಲಿ ಮಾಸಿದ ಚಿನ್ನದ ಬಣ್ಣದ ಚುಕ್ಕಿಗಳು. ರೆಪ್ಪೆ ಸ್ವಲ್ಪ ಇಳಿಬಿಟ್ಟ ಕಣ್ಣು. ಬಲಗೈಯ ಎರಡು ಬೆರಳಿಲ್ಲ. ಅದನ್ನು ಹೊಸದಾಗಿ ಮಾಡಿ ಅಂಟಿಸಿಲ್ಲ. ಎಡಗೆನ್ನೆಯಲ್ಲಿ ಬಣ್ಣ ಹೋದ ಕಡೆ ತೆಳ್ಳಗೆ ಗೆರೆ ಗೆರೆಯಾಗಿ ತುಂಬಿದ್ದಾಳೆ. ದೂರದಿಂದ ಕೆನ್ನೆಯ ಹಾಗೇ ಇದೆ, ಹತ್ತಿರ ಹೋದರೆ ಇಲ್ಲಿ ಹಳೆಯದಿಲ್ಲ ಅಂತ ಗೊತ್ತಾಗುತ್ತದೆ. ಬೇಕೆಂದರೆ ನಾಳೆ ಯಾರಾದರೂ ಅದನ್ನು ಒರೆಸಿ ತೆಗೆಯಬಹುದಂತೆ. ನಮ್ಮಲ್ಲಿ ಭಿನ್ನವಾದ ಮೂರ್ತಿಗೆ ಪೂಜೆ ಇಲ್ಲ ಅಂತಾರೆ. ಹಳೇಬೀಡಿನಲ್ಲಿ ಕೈ ಮುರಿದ ವಿಗ್ರಹಗಳನ್ನು ಹಾಗೇ ನೋಡಿ ಮೆಚ್ಚುತ್ತೇವೆ, ಆದರೆ ಯಾರೂ ಅದರ ಮುಂದೆ ಹರಕೆ ಹೊರಲ್ಲ. ಇಲ್ಲಿ ಬೆರಳಿಲ್ಲದ ಕೈಯ ಕೆಳಗೇ ಮೊಂಬತ್ತಿ ಉರಿಯುತ್ತಿತ್ತು.

ಉಪದೇಶಿಯವರು ಮೊಬೈಲಿನಲ್ಲಿ ಹಳೆಯ ಫೋಟೋ ತೋರಿಸಿದರು. ಹೊಳೆಯುವ ಆಕಾಶನೀಲಿ ಎನಾಮಲ್, ಗುಲಾಬಿ ಕೆನ್ನೆ, ಕಪ್ಪು ಹುಬ್ಬು. ಪೇಂಟಿನ ಮೇಲೆ ಪೇಂಟು ಕೂತು ರೆಪ್ಪೆಯೇ ಮುಚ್ಚಿಹೋಗಿ, ಅದರ ಮೇಲೆ ಎರಡು ದೊಡ್ಡ ಕಣ್ಣು ಬರೆದಿದ್ದರು. 2012ರಲ್ಲಿ ಸ್ಪೇನಿನ ಬೋರ್ಹಾ ಅನ್ನೋ ಊರಲ್ಲಿ ವಯಸ್ಸಾದ ಹೆಂಗಸೊಬ್ಬರು ಯೇಸುವಿನ ಗೋಡೆಚಿತ್ರ ಸರಿಮಾಡಲು ಹೋಗಿ ಲೋಕವೆಲ್ಲ ನಕ್ಕಿತ್ತಲ್ಲ, ನನಗೂ ಅದೇ ತರಹದ ನಗು ಬಂತು. ಕಲ್ಲಿನ ಕಂಬಕ್ಕೆ ಆಯಿಲ್ ಪೇಂಟ್ ಹೊಡೆಯುವವರನ್ನು ಕಂಡರೆ ಮೊದಲೇ ಆಗದವನು ನಾನು. "ಯಾರು ಸಾರ್ ಇದನ್ನ ಹಿಂಗೆ ಕೆಡಿಸಿದ್ದು? ಲಾರಿಗೆ ಬಳಿದ ಹಾಗಿದೆಯಲ್ಲ" ಅಂದುಬಿಟ್ಟೆ, ಅದೂ ಜೋರಾಗಿ.

ಉಪದೇಶಿಯವರು ಕೆಮ್ಮಿದರು.

ಮುಂದಿನ ಬೆಂಚಿನಿಂದ ಅಜ್ಜಿ ತಿರುಗಿ ನೋಡಿ, "ಲಾರಿಗೂ ಬಳೀತಿದ್ರು ಕಣಪ್ಪ, ನಮ್ಮ ಯಜಮಾನ್ರು" ಅಂದರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ತಪ್ಪಾಯ್ತು ಅಜ್ಜಿ" ಅಂದೆ. ಅವರಿಗೆ ಸಿಟ್ಟೇನೂ ಬಂದ ಹಾಗಿರಲಿಲ್ಲ, ಮಾತಾಡೋಕೆ ಯಾರೋ ಸಿಕ್ಕರು ಅನ್ನುವ ಹಾಗೆ ಪಕ್ಕದಲ್ಲಿ ಕೂರಿಸಿಕೊಂಡರು. ಅವರು ಮದುವೆಯಾಗಿ ಬಂದ ಹೊಸದರಲ್ಲೇ ಊರಿಗೆ ಹಿನ್ನೀರು ಬಂತಂತೆ. ಎತ್ತಿನ ಗಾಡಿಯಲ್ಲಿ ರಾಗಿ ಮೂಟೆಗಳ ಮಧ್ಯೆ ಮಾತೆಯನ್ನು ಕಂಬಳಿ ಸುತ್ತಿ ಮಲಗಿಸಿಕೊಂಡು ಬಂದರಂತೆ. ಬೆರಳು ಮುರಿದಿದ್ದು ಆಗಲೇ. ಯಜಮಾನರು ಹಾಸನದಲ್ಲಿ ಲಾರಿಗಳಿಗೆ ಪೇಂಟ್ ಮಾಡುವ ಕೆಲಸಕ್ಕೆ ಸೇರಿದರು. ಪ್ರತಿವರ್ಷ ಸೆಪ್ಟೆಂಬರ್ 8ಕ್ಕೆ, ಅಂದರೆ ಮಾತೆಯ ಹುಟ್ಟುಹಬ್ಬಕ್ಕೆ ಮುಂಚೆ, ಉಳಿದ ಪೇಂಟಿನ ಡಬ್ಬ ತಂದು ಬಳಿಯುತ್ತಿದ್ದರು. "ಹೊಸ ಸೀರೆ ಉಡ್ಸಿದಂಗೆ ಕಣಪ್ಪ. ಆ ಕಣ್ಣು ನೋಡ್ಕೊಂಡೇ ನಾನು ಅತ್ತಿದ್ದು, ನಕ್ಕಿದ್ದು ಎಲ್ಲಾ. ಈಗ ಇವ್ಳು ನನ್ನ ನೋಡೋದೇ ಇಲ್ಲ, ನೆಲ ನೋಡ್ತಾಳೆ."

ಏನು ಹೇಳೋದು? ರೆಪ್ಪೆ ಇಳಿಬಿಟ್ಟ ಕಣ್ಣೇ ಅದನ್ನು ಕೆತ್ತಿದವನು ಮಾಡಿದ್ದು, ಕೆಲಸವೂ ಅಚ್ಚುಕಟ್ಟಾಗಿದೆ, ಪೇಂಟ್ ಹಾಗೇ ಬಿಟ್ಟಿದ್ದರೆ ಒಳಗೆ ತೇವ ನಿಂತು ಮರವೂ ಕೆಡುತ್ತಿತ್ತಂತೆ. ಇದೆಲ್ಲ ನನಗೆ ಗೊತ್ತು. ಆದರೂ ಅಜ್ಜಿಯ ಮುಂದೆ ಬಾಯಿ ಬರಲಿಲ್ಲ.

ಮಳೆ ನಿಂತಿತು. ಅಜ್ಜಿ ಎದ್ದು ಪೀಠದ ಪಕ್ಕದಿಂದ ಸ್ವರೂಪದ ಹಿಂದಕ್ಕೆ ಹೋದರು, ನನ್ನನ್ನೂ ಕರೆದರು. ಗೋಡೆಗೂ ಸ್ವರೂಪಕ್ಕೂ ನಡುವೆ ಒಬ್ಬರು ಅಡ್ಡ ನಿಲ್ಲುವಷ್ಟೇ ಜಾಗ. ಮೇಲುಹೊದಿಕೆಯ ಬೆನ್ನಿನ ಮೇಲೆ ಬೆಂಕಿಪೊಟ್ಟಣದಷ್ಟು ಚೌಕದಲ್ಲಿ ಹಳೆಯ ಎನಾಮಲ್ ಹಾಗೇ ಹೊಳೆಯುತ್ತಿತ್ತು. ಮೊದಲು ಹೇಗಿತ್ತು ಅನ್ನೋದಕ್ಕೆ ಗುರುತಿಗೆ ಅಂತ ಇಂಥ ಕೆಲಸದವರು ಸ್ವಲ್ಪ ಬಿಡುತ್ತಾರಂತೆ. ಅಜ್ಜಿ ಹೆಬ್ಬೆರಳಿನಲ್ಲಿ ಅದನ್ನು ಉಜ್ಜಿದರು, ಧೂಳು ಒರೆಸುವ ಹಾಗೆ, ಆಮೇಲೆ ಆ ಬೆರಳನ್ನು ತುಟಿಗೆ ಒತ್ತಿಕೊಂಡರು.

"ನಾಲ್ಕೂವರೆ ಬಸ್ಸು ಬರೋ ಹೊತ್ತು, ಗೇಟ್ ಹತ್ರ ಗಾಡಿ ಅಡ್ಡ ಇಟ್ಟಿದ್ದೀರಾ?" ಅಂತ ಉಪದೇಶಿಯವರು ಬಾಗಿಲಲ್ಲಿ ನಿಂತು ಕೇಳಿದರು. ನಾವು ಬೈಕ್ ತೆಗೆಯೋಕೆ ಓಡಿದೆವು.