ಸಿದ್ದಿ ಹುಡುಗಿಯರ ಸ್ಕಾಲರ್‌ಶಿಪ್: ಅರ್ಜಿಗಿಂತ ಮೊದಲಿನ ಕೆಲಸ

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹುಡುಗಿಯರು ಪಿಯುಸಿ ಮುಗಿಸಿ ಶಿರಸಿಗೋ ಧಾರವಾಡಕ್ಕೋ ಡಿಗ್ರಿಗೆ ಹೊರಟರೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಅವರ ಹಕ್ಕು. ಅರ್ಜಿ ಹಾಕುವುದು ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ, ಅಂದರೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣದಲ್ಲಿ. ಅರ್ಜಿ ತುಂಬಲು ಅರ್ಧ ಗಂಟೆ ಸಾಕು, ಅದಕ್ಕೆ ಮುಂಚಿನ ಕೆಲಸಕ್ಕೇ ತಿಂಗಳು ಹಿಡಿಯುತ್ತದೆ. ಅದನ್ನು ಪಿಯುಸಿ ಪರೀಕ್ಷೆ ಮುಗಿದ ಬೇಸಿಗೆಯಲ್ಲೇ ಶುರುಮಾಡಿ.

ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಪಂಗಡಕ್ಕೆ ಧರ್ಮದ ಕಟ್ಟಿಲ್ಲ. ಮುಸ್ಲಿಂ, ಕ್ರಿಶ್ಚಿಯನ್ ಸಿದ್ದಿ ಮನೆಯ ಹುಡುಗಿಯೂ ಎಸ್‌ಟಿಯೇ. ಇದು ಗೊತ್ತಿಲ್ಲದೆ ಯಾರಾದರೂ ಸೈಬರ್‌ನಲ್ಲಿ ಅಲ್ಪಸಂಖ್ಯಾತರ ಅರ್ಜಿ ತುಂಬಿಸಿದರೆ ತಡೆದು ಕೇಳಿ. ಒಂದೇ ವರ್ಷಕ್ಕೆ ಎರಡು ಕಡೆಯಿಂದ ಹಣ ಪಡೆಯಲು ಬರುವುದಿಲ್ಲ.

ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ಅದರ ಮೇಲಿರುವ, ಆರ್‌ಡಿ ಎಂದು ಶುರುವಾಗುವ ನಂಬರನ್ನೇ ಪೋರ್ಟಲ್ ಕೇಳುವುದು. ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರಿರಬಾರದು. ಆದಾಯ ಪತ್ರಕ್ಕೆ 5 ವರ್ಷದ ಆಯುಸ್ಸು. ಹೈಸ್ಕೂಲಿನಲ್ಲಿ ಮಾಡಿಸಿದ್ದನ್ನೇ ನಂಬಿ ಕೂರಬೇಡಿ, ತಾರೀಖು ನೋಡಿ.

ಹೆಚ್ಚಿನವರು ಎಡವುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ‘ಸಿದ್ದಿ’ ಎಂದು ಪೂರ್ತಿ ಇರುತ್ತದೆ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ‘ಎಸ್’. ಜಾತಿ ಪತ್ರದಲ್ಲಿ ಅಪ್ಪನ ಹೆಸರು ಮಧ್ಯೆ ಸೇರಿಕೊಂಡು ಮೂರನೆಯ ರೂಪವಾಗುತ್ತದೆ. ಕನ್ನಡದಲ್ಲಿ ಒಂದೇ ಕಂಡರೂ ಇಂಗ್ಲಿಷಿನಲ್ಲಿ ಒಂದು ‘ಡಿ’ ಹೆಚ್ಚುಕಮ್ಮಿಯಾದರೆ ಅದು ಬೇರೆ ಹೆಸರು. ಅಂಕಪಟ್ಟಿ ತಿದ್ದಿಸುವುದು ಬಹಳ ಓಡಾಟದ ಕೆಲಸ. ಆದ್ದರಿಂದ ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹೋಲುವಂತೆ ಆಧಾರ್ ತಿದ್ದಿಸಿ, ಆಮೇಲೆ ಜಾತಿ ಪತ್ರ ಮಾಡಿಸಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿರಲಿ. ಊರಲ್ಲಿ ನೆಟ್‌ವರ್ಕ್ ಇಲ್ಲದ ಅಣ್ಣನ ಫೋನಿಗೆ ಓಟಿಪಿ ಹೋದರೆ ಯಲ್ಲಾಪುರದ ಸೈಬರ್‌ನಲ್ಲಿ ಕೂತ ಹುಡುಗಿಗೆ ಏನೂ ಮಾಡಲಾಗದು.

ಇನ್ನು ಬ್ಯಾಂಕು. ಪಾಸ್‌ಬುಕ್ಕಿಗೆ ಆಧಾರ್ ಜೆರಾಕ್ಸ್ ಕೊಟ್ಟರೆ ಸಾಲದು, ಖಾತೆಗೆ ಎನ್‌ಪಿಸಿಐ ಸೀಡಿಂಗ್ ಆಗಿರಬೇಕು, ಅಂದರೆ ಸರ್ಕಾರದ ಹಣ ಆಧಾರ್ ಮೂಲಕ ಈ ಖಾತೆಗೇ ಬರುವಂತೆ ಬ್ಯಾಂಕು ಜೋಡಿಸಿರಬೇಕು. ಬ್ಯಾಂಕಿನಲ್ಲಿ ಆ ಶಬ್ದ ಹೇಳಿಯೇ ಕೇಳಿ. ಎರಡು ಖಾತೆ ಇದ್ದರೆ ಹಣ ಬೀಳುವುದು ಸೀಡಿಂಗ್ ಇರುವ ಖಾತೆಗೆ. ಅದು ವಹಿವಾಟಿಲ್ಲದೆ ಸ್ಥಗಿತವಾಗಿದ್ದರೆ ಮಂಜೂರಾದ ಹಣವೂ ವಾಪಸ್.

ಅಂಕಪಟ್ಟಿ, ಫೀ ರಸೀದಿಗಳಿಗೆ ಕಾಲೇಜಿನಲ್ಲಿ ಇ-ದೃಢೀಕರಣ (ಆನ್‌ಲೈನ್‌ನಲ್ಲೇ ಮಾಡುವ ದೃಢೀಕರಣ) ಮಾಡಿಸಿ. ಅರ್ಜಿಯಲ್ಲಿ ಹಾಸ್ಟೆಲ್‌ನಲ್ಲಿದ್ದೀರಾ ಎಂಬ ಪ್ರಶ್ನೆಗೆ ಇದ್ದದ್ದನ್ನೇ ಬರೆಯಿರಿ. ಸಲ್ಲಿಸಿದ ಮೇಲೆ ಸ್ವೀಕೃತಿ ಪ್ರತಿಯನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ, ಮತ್ತೆ ಎರಡು ವಾರಕ್ಕೊಮ್ಮೆ ಸ್ಥಿತಿ ನೋಡುತ್ತಿರಿ. ಎರಡನೇ ವರ್ಷಕ್ಕೆ ವಿದ್ಯಾರ್ಥಿವೇತನ ತಾನಾಗಿ ಮುಂದುವರಿಯುವುದಿಲ್ಲ, ಪ್ರತಿ ವರ್ಷವೂ ಅರ್ಜಿ ಹಾಕಲೇಬೇಕು.