ಲಂಡನ್ನಿನಲ್ಲಿ ನುಂಗಿಕೊಂಡ ಒಂದು ಪ್ರಶ್ನೆ

ಹೋದ ತಿಂಗಳು ಒಂದು ಪ್ರಶ್ನೆಯನ್ನು ನುಂಗಿಕೊಂಡೆ. ಎರಡು ವಾರ ಅದು ಗಂಟಲಲ್ಲೇ ಕೂತಿತ್ತು.

ನಾನು ಇಲ್ಲಿ ಒಂದು ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ವಿಭಾಗದಲ್ಲಿ ಅಂಕಿಅಂಶ ನೋಡುವ ಕೆಲಸ ಮಾಡುತ್ತೇನೆ. ಪ್ರತಿ ಗುರುವಾರ ಮಧ್ಯಾಹ್ನ ಸೆಮಿನಾರ್ ಇರುತ್ತದೆ. ಒಬ್ಬರು ತಮ್ಮ ಕೆಲಸ ತೋರಿಸುತ್ತಾರೆ, ಉಳಿದವರು ಪ್ರಶ್ನೆ ಕೇಳುತ್ತಾರೆ. ಆ ದಿನ ನಮ್ಮ ಹಿರಿಯರೊಬ್ಬರು ಬಡವರಿರುವ ಬಡಾವಣೆಗಳ ಶಾಲೆಗಳಲ್ಲಿ ನಡೆಸಿದ ವ್ಯಾಯಾಮ ಕಾರ್ಯಕ್ರಮದ ಬಗ್ಗೆ ಹೇಳಿದರು. ಗ್ರಾಫ್ ಚೆನ್ನಾಗಿ ಮೇಲೇರಿತ್ತು. ಎಲ್ಲರ ಮುಖದಲ್ಲೂ ಖುಷಿ. ನನ್ನ ಕಣ್ಣಿಗೆ ಮಾತ್ರ ಒಂದು ವಿಷಯ ಚುಚ್ಚಿತು. ಎರಡನೇ ಸ್ಲೈಡಿನಲ್ಲಿದ್ದ ಮಕ್ಕಳ ಸಂಖ್ಯೆಗೂ ಕೊನೆಯ ಸ್ಲೈಡಿನ ಸಂಖ್ಯೆಗೂ ತಾಳೆ ಆಗುತ್ತಿರಲಿಲ್ಲ. ನಡುವೆ ಬಿಟ್ಟುಹೋದ ಮಕ್ಕಳು ಲೆಕ್ಕದಲ್ಲೇ ಇರಲಿಲ್ಲ. ಕೊನೆವರೆಗೂ ಉಳಿದವರನ್ನಷ್ಟೇ ಎಣಿಸಿದರೆ ಯಾವ ಕಾರ್ಯಕ್ರಮವಾದರೂ ಚೆನ್ನಾಗೇ ಕಾಣುತ್ತದೆ. ಕಷ್ಟ ಆದವರು ಮೊದಲೇ ಹೊರಟುಹೋಗಿರುತ್ತಾರೆ, ಅಲ್ವಾ?

ಕೈ ಎತ್ತಬೇಕಿತ್ತು. ಎತ್ತಲಿಲ್ಲ.

ಯಾಕೆ ಅಂತ ಆಮೇಲೆ ತುಂಬ ಯೋಚಿಸಿದೆ. ಯಾರೂ ನನ್ನ ಬಾಯಿ ಕಟ್ಟಿರಲಿಲ್ಲ. ಆದರೆ ಅದು ಬಡ ಮಕ್ಕಳ ಒಳ್ಳೆಯದಕ್ಕೆ ಮಾಡಿದ ಕೆಲಸ. ಪ್ರಶ್ನೆ ಕೇಳಿದರೆ ಆ ಮಕ್ಕಳಿಗೆ ದುಡ್ಡು ಕೊಡುವುದೇ ಬೇಡ ಅನ್ನುವವರ ಪಕ್ಷಕ್ಕೆ ನನ್ನನ್ನು ಸೇರಿಸಿಬಿಟ್ಟರೆ? ಜೊತೆಗೆ ನನ್ನ ವೀಸಾ ಇದೇ ಕೆಲಸಕ್ಕೆ ಕಟ್ಟಿಕೊಂಡಿದೆ. ಕೆಲಸ ಹೋದರೆ ದೇಶ ಬಿಡುವ ದಿನ ಎಣಿಸಬೇಕು. ಅಲ್ಲಿ ಯಾರೂ ಒಂದು ಪ್ರಶ್ನೆಗೆ ಕೆಲಸ ತೆಗೆಯುವವರಲ್ಲ, ಅದು ನನಗೂ ಗೊತ್ತು. ಆದರೆ ಹೆದರಿಕೆ ಬುದ್ಧಿಯನ್ನು ಕೇಳಿಕೊಂಡು ಬರೋದಿಲ್ಲ.

ಕಾನೂನು ನನ್ನ ಪರವಾಗೇ ಇತ್ತು. ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ವಾಕ್ ಸ್ವಾತಂತ್ರ್ಯವನ್ನು ಕಾಪಾಡಲೆಂದೇ 2023ರಲ್ಲಿ ಒಂದು ಕಾಯಿದೆ ಮಾಡಿದರು. ಸರ್ಕಾರ ಬದಲಾಯಿತು, ಕಾಯಿದೆ ಒಂದಷ್ಟು ಕಾಲ ಮೂಲೆಯಲ್ಲಿ ಕೂತಿತು. ಕೊನೆಗೆ ಅದರ ಮುಖ್ಯ ಭಾಗ 2025ರ ಆಗಸ್ಟ್ 1ರಿಂದ ಜಾರಿಗೆ ಬಂತು. ಅದು ಬೇಕಾಗಿತ್ತಾ ಬೇಡವಾಗಿತ್ತಾ ಅಂತ ನಮ್ಮ ಕ್ಯಾಂಟೀನಿನಲ್ಲಿ ಇವತ್ತಿಗೂ ವಾದ ನಡೆಯುತ್ತದೆ. ಎಡದವರು ಬಲದವರ ಬಾಯಿ ಮುಚ್ಚಿಸುತ್ತಾರೆ ಅನ್ನುವ ದೂರು ಒಂದು ಕಡೆ, ಬಲದವರು ಇದನ್ನು ದ್ವೇಷಕ್ಕೆ ಮರೆ ಮಾಡಿಕೊಳ್ಳುತ್ತಾರೆ ಅನ್ನುವ ದೂರು ಇನ್ನೊಂದು ಕಡೆ. ಎರಡರಲ್ಲೂ ನಿಜ ಇದೆ ಅಂತ ನನಗೆ ಅನಿಸುತ್ತದೆ. ಆದರೆ ಆ ಗುರುವಾರ ನನ್ನನ್ನು ಸುಮ್ಮನಾಗಿಸಿದವರು ಎಡದವರೂ ಅಲ್ಲ, ಬಲದವರೂ ಅಲ್ಲ.

ಆ ಭಾನುವಾರ ಗೆಳತಿಯ ಜೊತೆ, ಯಾರು ಬೇಕಾದರೂ ನಿಂತು ಭಾಷಣ ಮಾಡಬಹುದಾದ ಸ್ಪೀಕರ್ಸ್ ಕಾರ್ನರ್‌ಗೆ ಹೋದೆ. ಇಷ್ಟು ವರ್ಷ ಇಲ್ಲಿದ್ದೂ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಮಾರ್ಬಲ್ ಆರ್ಚ್ ಸ್ಟೇಷನ್ನಿನಿಂದ ಮೇಲೆ ಬಂದು ರಸ್ತೆ ದಾಟಿದರೆ ಹೈಡ್ ಪಾರ್ಕಿನ ಈಶಾನ್ಯ ಮೂಲೆ. ವೇದಿಕೆ ಇಲ್ಲ. ಮೈಕ್ ಹಾಕುವ ಹಾಗಿಲ್ಲ. ಮಡಚುವ ಏಣಿಯನ್ನೋ ಪ್ಲಾಸ್ಟಿಕ್ ಕ್ರೇಟನ್ನೋ ತಂದು, ಹತ್ತಿ ನಿಂತು, ಬರೀ ಗಂಟಲಲ್ಲಿ ಕೂಗಬೇಕು. ಒಬ್ಬ ದೇವರಿದ್ದಾನೆ ಅನ್ನುತ್ತಿದ್ದ. ಹತ್ತು ಹೆಜ್ಜೆ ಆಚೆ ಇನ್ನೊಬ್ಬ ಇಲ್ಲ ಅನ್ನುತ್ತಿದ್ದ. ಜನ ಸುಮ್ಮನೆ ಕೇಳುವುದಿಲ್ಲ. ನಡುವೆ ಬಾಯಿ ಹಾಕುತ್ತಾರೆ, ನಗುತ್ತಾರೆ, ಬೆರಳು ತೋರಿಸಿ ಜಗಳಕ್ಕೇ ನಿಲ್ಲುತ್ತಾರೆ.

ಈ ಜಾಗದ ಹತ್ತಿರವೇ ಹಿಂದೆ ಟೈಬರ್ನ್ ನೇಣುಗಂಬ ಇತ್ತು. 1783ರವರೆಗೆ ಜನರ ಎದುರೇ ನೇಣು ಹಾಕುತ್ತಿದ್ದರು. ಕುಣಿಕೆ ಬೀಳುವ ಮುಂಚೆ ಕೊನೆಯ ಮಾತು ಆಡಲು ಬಿಡುತ್ತಿದ್ದರು. 1866ರಲ್ಲಿ ರಿಫಾರ್ಮ್ ಲೀಗ್‌ನವರು ಮತದಾನದ ಹಕ್ಕು ಕೇಳಿ ಈ ಪಾರ್ಕಿನಲ್ಲಿ ಸಭೆ ಕರೆದರು. ಸರ್ಕಾರ ಗೇಟು ಮುಚ್ಚಿಸಿತು. ಜನ ಪಾರ್ಕಿನ ಕಬ್ಬಿಣದ ಬೇಲಿಯನ್ನೇ ಕಿತ್ತು ಒಳಗೆ ನುಗ್ಗಿದರು. ಮರುವರ್ಷ ನಿಷೇಧ ಇದ್ದರೂ ಮತ್ತೆ ಸೇರಿದರು. ಗೃಹ ಮಂತ್ರಿ ಸ್ಪೆನ್ಸರ್ ವಾಲ್ಪೋಲ್ ರಾಜೀನಾಮೆ ಕೊಡಬೇಕಾಯಿತು. ಆಮೇಲೆ 1872ರ ಉದ್ಯಾನಗಳ ಕಾಯಿದೆ ಬಂತು, ಇಲ್ಲಿ ಸಭೆ ಸೇರಿ ಮಾತಾಡುವುದು ಒಂದು ನಿಯಮದೊಳಗೆ ಬಂತು. ಮಾತಾಡುವ ಜಾಗವನ್ನು ಯಾರೂ ಸುಮ್ನೆ ಬಿಟ್ಟುಕೊಟ್ಟಿದ್ದಲ್ಲ.

ಅಲ್ಲಿ ಕಾನೂನೇ ಇಲ್ಲ, ಏನು ಬೇಕಾದರೂ ಆಡಬಹುದು ಅಂತ ತುಂಬ ಜನ ತಿಳಿದಿದ್ದಾರೆ. ಅದು ತಪ್ಪು. ಬೇರೆ ಕಡೆ ಇರುವ ಕಾನೂನೇ ಅಲ್ಲೂ ಇದೆ. ಜನಾಂಗದ ಹೆಸರಲ್ಲಿ ದ್ವೇಷ ಕೆರಳಿಸುವುದು 1986ರ ಪಬ್ಲಿಕ್ ಆರ್ಡರ್ ಆಕ್ಟ್ ಪ್ರಕಾರ ಅಪರಾಧ. ಏಣಿ ಹತ್ತಿ ಹೇಳಿದರೂ ಅಪರಾಧವೇ. ಈ ಗೆರೆ ಇರಲೇಬೇಕು ಅಂತ ನಾನು ನಂಬಿದ್ದೇನೆ. ರಾತ್ರಿ ಕೊನೆ ಬಸ್ಸಿನಲ್ಲಿ ಒಬ್ಬಳೇ ಬರುವಾಗ ಅದರ ಬೆಲೆ ನನಗೆ ಗೊತ್ತಾಗುತ್ತದೆ.

ಆದರೆ ಗೆರೆಯ ಈಚೆಗೆ ತುಂಬ ಜಾಗ ಇದೆ. ನಮಗೆ ಕಿರಿಕಿರಿ ಮಾಡುವ, ಮೈ ಉರಿಸುವ ಮಾತೆಲ್ಲ ಅಲ್ಲೇ ಇರುವುದು. 1997ರಲ್ಲಿ ವೇಕ್‌ಫೀಲ್ಡ್ ಕೆಥೆಡ್ರಲ್‌ನ ಮೆಟ್ಟಿಲ ಮೇಲೆ ಮೂವರು ಹೆಂಗಸರು ಧರ್ಮೋಪದೇಶ ಮಾಡುತ್ತಿದ್ದರು. ಗುಂಪು ಸೇರಿತು, ಕೆಲವರು ಸಿಟ್ಟಾದರು. ಪೊಲೀಸರು ಹಿಡಿದದ್ದು ಸಿಟ್ಟಾದವರನ್ನಲ್ಲ, ಮಾತಾಡುತ್ತಿದ್ದ ಹೆಂಗಸರನ್ನು. 1999ರಲ್ಲಿ ಮೇಲ್ಮನವಿ ಕೇಳಿದ ನ್ಯಾಯಮೂರ್ತಿ ಸೆಡ್ಲಿ ಆ ಶಿಕ್ಷೆಯನ್ನು ರದ್ದು ಮಾಡಿದರು. ಯಾರಿಗೂ ನೋವಾಗದ ಮಾತನ್ನಷ್ಟೇ ಆಡಬಹುದು ಅನ್ನುವ ಸ್ವಾತಂತ್ರ್ಯ ಇಟ್ಟುಕೊಂಡು ಪ್ರಯೋಜನವಿಲ್ಲ ಅಂತ ತೀರ್ಪಿನಲ್ಲಿ ಬರೆದರು. ಸ್ಪೀಕರ್ಸ್ ಕಾರ್ನರ್ ಹೆಸರನ್ನೂ ಎತ್ತಿದರು. ಮಾತಾಡುವವರನ್ನು ಕಾನೂನು ಸಹಿಸುತ್ತದೆ, ಒಪ್ಪದೆ ಕೇಳುತ್ತಾ ನಿಂತವರಿಂದಲೂ ಅದೇ ಸಹನೆಯನ್ನು ಬಯಸುತ್ತದೆ ಅನ್ನುವುದು ಅವರ ಮಾತಿನ ತಿರುಳು.

ಓದುವಾಗ ಇದು ಸುಲಭ. ನನ್ನ ಸರದಿ ಬಂದಾಗ ಎಷ್ಟು ಕಷ್ಟ ಅಂತ ಆ ಭಾನುವಾರ ಗೊತ್ತಾಯಿತು.

ಅರವತ್ತರ ಆಸುಪಾಸಿನ ಒಬ್ಬ ಮನುಷ್ಯ ಗೋಡೆಗೆ ಬಣ್ಣ ಹೊಡೆಯುವವರ ಏಣಿ ಮೇಲೆ ನಿಂತಿದ್ದ. ಮೆಟ್ಟಿಲ ತುಂಬ ಒಣಗಿದ ಬಿಳಿ ಬಣ್ಣದ ಹನಿಗಳು. ಹೊರಗಿನಿಂದ ಬಂದವರು ಈ ಊರನ್ನು ತುಂಬಿಬಿಟ್ಟರು, ಇಲ್ಲೇ ಹುಟ್ಟಿದವರಿಗೆ ಜಾಗ ಇಲ್ಲ ಅನ್ನುತ್ತಿದ್ದ. ಕೆಟ್ಟ ಬೈಗುಳ ಒಂದೂ ಇರಲಿಲ್ಲ. ಆದರೂ ಅವನು ಹೇಳುತ್ತಿದ್ದುದು ನನ್ನ ಬಗ್ಗೆಯೇ. ಕಿವಿ ಬಿಸಿಯಾಯಿತು. ಗೆಳತಿ ತೋಳು ಹಿಡಿದು ಎಳೆದಳು. "ಸಾಕು ಬಾರೇ, ಇದನ್ನೆಲ್ಲ ಯಾಕೆ ಕೇಳಿಸ್ಕೋಬೇಕು?"

ಅವಳ ಮಾತು ತಪ್ಪಲ್ಲ. ಕೇಳಿಸಿಕೊಳ್ಳುವುದು ಕರ್ತವ್ಯವೇನಲ್ಲ. ಹೊರಟುಹೋಗುವುದೂ ಸ್ವಾತಂತ್ರ್ಯವೇ. ಆದರೂ ನಿಂತೆ. ಅವನು ಉಸಿರು ತೆಗೆದುಕೊಳ್ಳಲು ಮಾತು ನಿಲ್ಲಿಸಿದಾಗ ಕೂಗಿ ಕೇಳಿದೆ. "ನೀವು ಹೇಳ್ತಿರೋರಲ್ಲಿ ನಾನೂ ಒಬ್ಬಳು. ನನಗೆ ಏನು ಹೇಳ್ತೀರಿ?"

ಅವನು ಬಗ್ಗಿ ನನ್ನನ್ನೇ ನೋಡಿದ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಅಂದ. ಮಗಳಿಗೆ ಎರಡು ಮಕ್ಕಳು, ಕೌನ್ಸಿಲ್ ಮನೆಗೆ (ಸ್ಥಳೀಯ ಆಡಳಿತ ಕಡಿಮೆ ಬಾಡಿಗೆಗೆ ಕೊಡುವ ಮನೆ) ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದಾಳೆ ಅಂದ. ಮನೆಗಳನ್ನು ಕಟ್ಟದೇ ಇದ್ದವರು ನಾವಲ್ಲವಲ್ಲ ಅಂದೆ. ಅದು ಗೊತ್ತು, ಆದರೆ ನಮ್ಮನ್ನು ಯಾರಾದರೂ ಒಂದು ಮಾತು ಕೇಳಿದರಾ ಅಂದ. ಸುತ್ತ ನಿಂತವರು ಇಬ್ಬರ ಮೇಲೂ ಕೂಗಾಡಿದರು. ಇಪ್ಪತ್ತು ನಿಮಿಷ ಹೀಗೇ ನಡೆಯಿತು. ಅವನು ಬದಲಾಗಲಿಲ್ಲ, ನಾನೂ ಬದಲಾಗಲಿಲ್ಲ. ಅವನು ಹೇಳಿದ ಕಾರಣ ಸುಳ್ಳು ಅಂತಲೇ ಈಗಲೂ ನನ್ನ ಅಭಿಪ್ರಾಯ. ಆ ಮಗಳ ಕಾಯುವಿಕೆ ಮಾತ್ರ ಸುಳ್ಳಲ್ಲ. ಅವನ ಬಾಯಿ ಮುಚ್ಚಿಸಿದ್ದರೆ ಅದು ನನಗೆ ತಿಳಿಯುತ್ತಲೇ ಇರಲಿಲ್ಲ.

ವಾಪಸ್ ಹೊರಟಾಗ ಕಾಲು ನಡುಗುತ್ತಿತ್ತು. ಟ್ಯೂಬ್ ಬೇಡ, ನಡೆದೇ ಹೋಗೋಣ ಅಂದೆ. ಆಕ್ಸ್‌ಫರ್ಡ್ ಸ್ಟ್ರೀಟ್ ಉದ್ದಕ್ಕೂ ಇಬ್ಬರೂ ವಾದ ಮಾಡುತ್ತಾ ನಡೆದೆವು. ಅವಳದು ಗಟ್ಟಿ ಮಾತು. ಪಾರ್ಕಿನಲ್ಲಿ ಮುಖ ನೋಡಿ ಮಾತಾಡಿದೆ ಸರಿ, ಮೊಬೈಲಿನಲ್ಲಿ ಹೆಸರಿಲ್ಲದ ಸಾವಿರ ಜನ ಒಬ್ಬಳ ಮೇಲೆ ಬಿದ್ದರೆ ಅದನ್ನೂ ಚರ್ಚೆ ಅಂತೀಯಾ ಅಂದಳು. ಇಲ್ಲ, ಅನ್ನಲಾರೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ನಾವು ಕಲಿತದ್ದು. ಈಗ ಆಡಿದ ಮಾತು ಹೋಗುವುದೇ ಇಲ್ಲ. ಹತ್ತು ವರ್ಷದ ಹಿಂದಿನದನ್ನೂ ಯಾರೋ ತೆಗೆದು ಮುಂದೆ ಇಡುತ್ತಾರೆ. ಹಾಗಾಗಿ ಜನ ಆಡುವ ಮುಂಚೆಯೇ ಬಾಯಿ ಮುಚ್ಚಿಕೊಳ್ಳುತ್ತಾರೆ. ಬೆದರಿಕೆ ಹಾಕುವವನಿಗೆ ಶಿಕ್ಷೆ ಆಗಲಿ, ಆದರೆ ತಪ್ಪು ಹೇಳಿದವನಿಗೆ ತಿದ್ದಿಕೊಳ್ಳುವ ದಾರಿ ಇರಲಿ ಅಂದೆ. ಈ ಎರಡನ್ನು ಬೇರೆ ಮಾಡುವುದು ಹೇಗೆ ಅನ್ನುವುದರಲ್ಲಿ ನಮಗಿಬ್ಬರಿಗೆ ಒಮ್ಮತ ಬರಲಿಲ್ಲ.

ನನ್ನ ಹೊಟ್ಟೆಯೊಳಗೆ ಕುದಿಯುತ್ತಿದ್ದುದು ಬೇರೆ ವಿಷಯ. ಬೀದಿಯಲ್ಲಿ ಗುರುತಿಲ್ಲದ ಮನುಷ್ಯನನ್ನು ಕೇಳಲು ಧೈರ್ಯ ಬಂತು. ಗೆಳೆಯರೇ ಕೂತಿದ್ದ ಕೋಣೆಯಲ್ಲಿ ಬರಲಿಲ್ಲ. ವಿಜ್ಞಾನದಲ್ಲಿ ಕೇಳದೆ ಉಳಿದ ಪ್ರಶ್ನೆಗೆ ಬೆಲೆ ಕಟ್ಟುವವರು ಬೇರೆ ಯಾರೋ ಆಗಿರುತ್ತಾರೆ. ವಿಜ್ಞಾನ ಲೇಖಕ ಸೈಮನ್ ಸಿಂಗ್ ಕಥೆ ನಿಮಗೆ ಗೊತ್ತಿರಬಹುದು. ಬೆನ್ನುಮೂಳೆ ಒತ್ತಿ ಮಕ್ಕಳ ಕಾಯಿಲೆ ವಾಸಿ ಮಾಡುತ್ತೇವೆ ಅನ್ನುವ ಮಾತಿಗೆ ಸಾಕ್ಷಿ ಎಲ್ಲಿ ಅಂತ 2008ರಲ್ಲಿ ಪತ್ರಿಕೆಯಲ್ಲಿ ಬರೆದರು. ಆ ಚಿಕಿತ್ಸಕರ ಸಂಘ ಅವರ ಮೇಲೆ ಮಾನನಷ್ಟ ಮೊಕದ್ದಮೆ ಹಾಕಿತು. ಎರಡು ವರ್ಷ ಕೋರ್ಟು ಅಲೆದರು. 2010ರ ಏಪ್ರಿಲ್‌ನಲ್ಲಿ ಮೇಲಿನ ಕೋರ್ಟು ಅವರ ಪರ ನಿಂತ ಮೇಲೆ ಸಂಘ ಕೇಸು ಬಿಟ್ಟಿತು. ಆ ಜಗಳದಿಂದ ಎದ್ದ ಚಳವಳಿಯ ಬಲದಿಂದ 2013ರಲ್ಲಿ ಮಾನನಷ್ಟ ಕಾಯಿದೆಯನ್ನೇ ತಿದ್ದಿದರು. ಪರಿಣತರು ಪರಿಶೀಲಿಸಿ ಪ್ರಕಟಿಸಿದ ವಿಜ್ಞಾನ ಲೇಖನಕ್ಕೆ ಈಗ ಅಲ್ಲಿ ರಕ್ಷಣೆ ಇದೆ. ಒಬ್ಬರು ಎರಡು ವರ್ಷ ಕಷ್ಟಪಟ್ಟಿದ್ದಕ್ಕೆ ನನ್ನಂಥವರಿಗೆ ಸಿಕ್ಕ ರಕ್ಷಣೆ ಅದು. ಅದನ್ನು ಜೇಬಲ್ಲಿಟ್ಟುಕೊಂಡು ನಾನು ಸುಮ್ಮನೆ ಕೂತಿದ್ದೆ.

ಹೀಗೆ ಮಾತಾಡುತ್ತಾ ಸೋಹೋಗೆ ಬಂದೆವು. ಬ್ರಾಡ್‌ವಿಕ್ ಸ್ಟ್ರೀಟಿನಲ್ಲಿ ಹಿಡಿಕೆ ಇಲ್ಲದ ಒಂದು ಕಪ್ಪು ನೀರಿನ ಪಂಪ್ ನಿಂತಿದೆ, ಹಳೆಯದರ ಪ್ರತಿರೂಪ. ನಮ್ಮ ವಿಭಾಗದವರಿಗೆಲ್ಲ ಅದು ಯಾತ್ರೆಯ ಜಾಗ ಇದ್ದಹಾಗೆ.

1854ರಲ್ಲಿ ಇಲ್ಲಿ ಕಾಲರಾ ಬಂತು. ಕೆಲವೇ ವಾರದಲ್ಲಿ ಆರುನೂರಕ್ಕೂ ಜಾಸ್ತಿ ಜನ ಸತ್ತರು. ಕೊಳಚೆಯ ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಅಂತ ಆಗ ದೊಡ್ಡವರೆಲ್ಲ ನಂಬಿದ್ದರು. ಜಾನ್ ಸ್ನೋ ಎಂಬ ವೈದ್ಯರು ಮಾತ್ರ ನೀರಿನಿಂದ ಅಂದರು. ಸತ್ತವರ ಮನೆಗಳನ್ನು ಹುಡುಕಿ, ಇದೇ ಪಂಪಿನ ಸುತ್ತ ಸಾವು ಗುಂಪುಗೂಡಿದ್ದನ್ನು ತೋರಿಸಿದರು. ಸೆಪ್ಟೆಂಬರ್ 8ರಂದು ಪಂಪಿನ ಹಿಡಿಕೆ ತೆಗೆಸಿದರು. ಇಷ್ಟು ಎಲ್ಲರಿಗೂ ಗೊತ್ತು. ನನ್ನ ಮನಸ್ಸು ತಟ್ಟುವುದು ಇದರ ಮುಂದಿನ ಭಾಗ.

ಹತ್ತಿರದ ಬರ್ವಿಕ್ ಸ್ಟ್ರೀಟಿನ ಚರ್ಚಿನಲ್ಲಿ ಹೆನ್ರಿ ವೈಟ್‌ಹೆಡ್ ಎಂಬ ಕಿರಿಯ ಪಾದ್ರಿ ಇದ್ದರು. ಸಾಯುವವರ ಹಾಸಿಗೆ ಪಕ್ಕ ಕೂತವರು, ಪ್ರತಿ ಮನೆಯನ್ನೂ ಬಲ್ಲವರು. ಸ್ನೋ ಹೇಳುವುದು ತಪ್ಪು ಅಂತ ಅವರಿಗೆ ಖಾತ್ರಿ ಇತ್ತು. ಸರಿಯಾಗಿ ವಿಚಾರಿಸಿದರೆ ಈ ಪಂಪಿನ ಮಾತು ಬಿದ್ದುಹೋಗುತ್ತದೆ ಅಂತಲೇ ಹೊರಟರು. ಮನೆ ಮನೆಗೆ ಹೋದರು, ಬೇಕಾದಲ್ಲಿ ಮತ್ತೆ ಮತ್ತೆ ಹೋದರು. ಯಾರು ಎಲ್ಲಿಯ ನೀರು ಕುಡಿದರು ಅಂತ ಕೇಳಿ ಬರೆದುಕೊಂಡರು. ಬರೆದಷ್ಟೂ ಲೆಕ್ಕ ಸ್ನೋ ಕಡೆಗೇ ವಾಲಿತು. ಕೊನೆಗೆ ಪಂಪಿದ್ದ ಬೀದಿಯ 40ನೇ ನಂಬರಿನ ಮನೆಯ ಒಂದು ಹಸುಗೂಸಿನ ಸಾವು ಕಣ್ಣಿಗೆ ಬಿತ್ತು. ಆ ಮಗುವಿಗೆ ಎಲ್ಲರಿಗಿಂತ ಮೊದಲೇ ಭೇದಿ ಶುರುವಾಗಿತ್ತು. ತಾಯಿ ಅದರ ಬಟ್ಟೆ ತೊಳೆದ ನೀರನ್ನು ಮನೆ ಮುಂದಿನ ಕೊಳಚೆ ಗುಂಡಿಗೆ ಸುರಿದಿದ್ದಳು. ಅಗೆದು ನೋಡಿದರೆ ಗುಂಡಿಯ ಇಟ್ಟಿಗೆ ಸಡಿಲವಾಗಿತ್ತು, ಪಂಪಿನ ಬಾವಿ ಮೂರಡಿಯೂ ದೂರ ಇರಲಿಲ್ಲ.

ಸ್ನೋ ಹುಡುಕಲಾಗದ ಕೊಂಡಿಯನ್ನು ಹುಡುಕಿಕೊಟ್ಟವರು ಅವರನ್ನು ಒಪ್ಪದ ಪಾದ್ರಿ. ಆದರೂ ಸರ್ಕಾರದ ಆರೋಗ್ಯ ಮಂಡಳಿ ನೀರಿನ ವಾದವನ್ನು ತಳ್ಳಿಹಾಕಿತು. ಸ್ನೋ 1858ರಲ್ಲಿ ತೀರಿಕೊಂಡರು. 1866ರಲ್ಲಿ ಪೂರ್ವ ಲಂಡನ್ನಿನಲ್ಲಿ ಮತ್ತೆ ಕಾಲರಾ ಬಂದಾಗ, ಮೊದಲು ಗಾಳಿಯ ಪಕ್ಷದಲ್ಲಿದ್ದ ಅಂಕಿಅಂಶ ತಜ್ಞ ವಿಲಿಯಂ ಫಾರ್ ತಾವೇ ನೀರಿನ ಜಾಡು ಹಿಡಿದರು.

ವೈಟ್‌ಹೆಡ್‌ಗೆ ಸ್ನೋ ಮೇಲೆ ಗೌರವ ಬಂದದ್ದು ಪ್ರಶ್ನೆ ಕೇಳಿದ ಮೇಲೆ. ಕೇಳದೆ ಇದ್ದಿದ್ದರೆ ಇಬ್ಬರೂ ತಮ್ಮ ತಮ್ಮ ಜಾಗದಲ್ಲಿ ಮರ್ಯಾದೆಯಿಂದ ಕೂತಿರುತ್ತಿದ್ದರು. ಸೆಮಿನಾರಿನಲ್ಲಿ ನಾನು ಮರ್ಯಾದೆ ಅಂದುಕೊಂಡದ್ದು ಅದನ್ನೇ. ಆ ಹಿರಿಯರ ಕೆಲಸವನ್ನು ಪರೀಕ್ಷೆಗೆ ಯೋಗ್ಯ ಅಂತಲೂ ಎಣಿಸದೆ, ಚಪ್ಪಾಳೆ ತಟ್ಟಿ ಎದ್ದುಬಂದಿದ್ದೆ. ಆ ಕಾರ್ಯಕ್ರಮ ನಾಳೆ ಇನ್ನಷ್ಟು ಶಾಲೆಗಳಿಗೆ ಹೋಗುತ್ತದೆ. ಅಲ್ಲೂ ಯಾರೋ ಮಕ್ಕಳು ನಡುವೆ ಬಿಟ್ಟುಹೋಗುತ್ತಾರೆ.

ಮುಂದಿನ ವಾರ ಅವರ ಕೋಣೆಯ ಬಾಗಿಲವರೆಗೆ ಎರಡು ಸಲ ಹೋಗಿ ಬಂದೆ. ಮೂರನೇ ಸಲ ತಟ್ಟಿದೆ. ಬಿಟ್ಟುಹೋದ ಮಕ್ಕಳು ಎಲ್ಲಿ ಅಂತ ಕೇಳಿದೆ. ಅವರ ಹುಬ್ಬು ಗಂಟಾಯಿತು. ಆ ದಿನವೇ ಯಾಕೆ ಕೇಳಲಿಲ್ಲ ಅಂದರು. ಹೆದರಿಕೆ ಆಯಿತು ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಪಕ್ಕದ ಕುರ್ಚಿ ಮೇಲಿದ್ದ ಕಾಗದಗಳನ್ನು ಎತ್ತಿ ನೆಲದ ಮೇಲಿಟ್ಟು, ಕೂತ್ಕೊಳ್ಳಿ ಅಂದರು. ಮಕ್ಕಳ ಪಟ್ಟಿ ತೆರೆದರು.

ಶಾಲೆ ಶಾಲೆಯಾಗಿ ನೋಡುತ್ತಿದ್ದೇವೆ. ಅರ್ಧವೂ ಆಗಿಲ್ಲ. ನಾಳೆ ಹನ್ನೊಂದಕ್ಕೆ ಮತ್ತೆ ಕೂರಬೇಕು.